ಹಸಿ ಬಣ್ಣದ ಮೇಲೊಂದು ಬೆಳಕಿನ ಗೆರೆ

ಸ್ಪ್ರೇ ಗನ್ನು ಕೆಳಗಿಟ್ಟು ಮನೆಯಲ್ಲಿ ಕೂತ ಮೇಲೂ ಪೇಂಟರ್ ಹುಡುಗರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಗನ್ನು ಒಳ್ಳೆಯದು, ಥಿನ್ನರ್ ಎಷ್ಟು ಬೆರೆಸಬೇಕು, ಬೇಸಿಗೆಯಲ್ಲಿ ಬಣ್ಣ ಬೇಗ ಒಣಗಿ ಒರಟಾದರೆ ಏನು ಮಾಡಬೇಕು, ಎಲ್ಲ ಕೇಳುತ್ತಾರೆ. ದೀಪದ ವಿಷಯ ಮಾತ್ರ ಒಬ್ಬನೂ ಎತ್ತುವುದಿಲ್ಲ! ನನಗೆ ಮೈ ಉರಿದುಹೋಗುತ್ತದೆ. ಅಲ್ಲಯ್ಯಾ, ನಿನಗೆ ಕಾಣುವುದೇ ಬೇರೆ, ಬಿಸಿಲಿನಲ್ಲಿ ಜನಕ್ಕೆ ಕಾಣುವುದೇ ಬೇರೆ ಆದರೆ ಆ ದುಬಾರಿ ಗನ್ನು ಇಟ್ಟುಕೊಂಡು ಏನು ಮಾಡುತ್ತೀಯ? ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಬಸವರಾಜ. ವರ್ಕ್‌ಶಾಪಿನಲ್ಲಿ ಬಸಣ್ಣ. ಹುಟ್ಟಿದ್ದು, ಕೆಲಸ ಕಲಿತದ್ದು ರಾಯದುರ್ಗದಲ್ಲಿ. ಹೆಚ್ಚು ಕಾಲ ಕೆಲಸ ಮಾಡಿದ್ದು ಮಡಕಶಿರದಲ್ಲಿ. ಎರಡೂ ಆಂಧ್ರಕ್ಕೆ ಸೇರಿದ ಗಡಿ ಊರುಗಳು. ಲಾರಿ, ಬಸ್ಸು, ಟ್ರಾಕ್ಟರ್ ಟ್ರೇಲರು, ಒಮ್ಮೆ ಮದುವೆ ಬ್ಯಾಂಡಿನವರ ತಳ್ಳುಗಾಡಿ, ಎಲ್ಲಕ್ಕೂ ಬಣ್ಣ ಹೊಡೆದಿದ್ದೇನೆ. ನಮ್ಮ ಕೆಲಸದಲ್ಲಿ ಬಡ್ತಿ ಗಿಡ್ತಿ ಇಲ್ಲ. ಮೊದಲು ಎಮರಿ ಕಾಗದ ತಿಕ್ಕುತ್ತೀರಿ, ಆಮೇಲೆ ಪುಟ್ಟಿ ಹಚ್ಚುತ್ತೀರಿ, ಒಂದು ದಿನ ಯಾರೋ ನಿಮ್ಮ ಕೈಗೆ ಗನ್ನು ಕೊಡುತ್ತಾರೆ. ಅಲ್ಲಿಂದ ಮುಂದೆ ಆ ಗನ್ನು ನಿಮ್ಮ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎನ್ನುವುದೊಂದೇ ಪ್ರಶ್ನೆ.

ನನಗೆ ಗನ್ನು ಕೊಟ್ಟವರು ಉಸ್ತಾದ್ ಹುಸೇನ್ ಸಾಬರು. ರಾಯದುರ್ಗದಲ್ಲಿ ಬಳ್ಳಾರಿ ರಸ್ತೆಯ ಪಕ್ಕ ಅವರದೊಂದು ತಗಡಿನ ಶೆಡ್ಡು. ಬಾಯಿ ಬಹಳ ಜೋರು. ಬೈಗುಳಕ್ಕೆ ಬರವೇ ಇರಲಿಲ್ಲ, ಹೊಗಳಿಕೆಗೆ ಮಾತ್ರ ಒಂದು ಮಾತೂ ಖರ್ಚು ಮಾಡುತ್ತಿರಲಿಲ್ಲ. ಕೆಲಸ ನಿಜವಾಗಿ ಮೆಚ್ಚಿಗೆಯಾದರೆ ಎರಡು ಬೆರಳು ಬಾಯಿಗಿಟ್ಟು ಒಂದು ಶಿಳ್ಳೆ ಹಾಕುತ್ತಿದ್ದರು. ಆ ಶಿಳ್ಳೆಗಾಗಿ ನಾವು ಊಟ ಬಿಟ್ಟು ಕೆಲಸ ಮಾಡುತ್ತಿದ್ದೆವು ಎಂದರೆ ನೀವು ನಂಬಬೇಕು.

ಶೆಡ್ಡಿನಲ್ಲಿ ಗೋಡೆಗೆ ಉದ್ದಕ್ಕೆ ಎರಡು ಟ್ಯೂಬ್‌ಲೈಟು. ಮೊದಲ ಸಲ ಗನ್ನು ಹಿಡಿದು ಲಾರಿಯ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದೆ. ನನ್ನ ಕಣ್ಣೆಲ್ಲ ಗನ್ನಿನ ಮೂತಿಯ ಮೇಲೆ. ಉಸ್ತಾದರು ಹಿಂದಿನಿಂದ ತಲೆಗೆ ಮೊಟಕಿದರು.

"ಲೇ ಬಸ್ಯಾ, ಗನ್ನು ಯಾಕ ನೋಡ್ತಿ? ಅದೇನು ಓಡಿಹೋಗತೈತೇನು? ಗೆರಿ ನೋಡಲೇ, ಗೆರಿ!"

"ಯಾವ ಗೆರಿ ಉಸ್ತಾದ್?"

ಅವರು ಹಸಿ ಬಣ್ಣದ ಕಡೆ ಬೆರಳು ತೋರಿಸಿದರು. ಆಗ ಕಂಡಿತು! ಈಗ ತಾನೇ ಹೊಡೆದ ಬಣ್ಣದಲ್ಲಿ ಗೋಡೆಯ ಟ್ಯೂಬ್‌ಲೈಟು ಉದ್ದನೆಯ ಬಿಳಿ ಗೆರೆಯಾಗಿ ಮೂಡಿತ್ತು. ಗನ್ನು ಮುಂದೆ ಹೋದಂತೆ ಗೆರೆ ಹಿಂದೆ ಹಿಂದೆ ಬೆಳೆಯುತ್ತ ಬರುತ್ತಿತ್ತು. ಬಣ್ಣ ಸರಿಯಾಗಿ ಕೂತಲ್ಲಿ ಗೆರೆ ದಾರ ಎಳೆದಷ್ಟು ನೇರ. ಗನ್ನು ದೂರ ಹಿಡಿದು ಬಣ್ಣ ಒಣಒಣ ಬಿದ್ದಲ್ಲಿ ಗೆರೆಯ ಅಂಚು ಮರಳು ಮರಳು. ಒಂದೇ ಕಡೆ ಕೈ ನಿಲ್ಲಿಸಿ ಬಣ್ಣ ಹೆಚ್ಚಾದಲ್ಲಿ ಗೆರೆ ಬಳುಕುತ್ತದೆ, ಇನ್ನೇನು ಬಣ್ಣ ಇಳಿಯುತ್ತದೆ ಎಂದು ಮೊದಲೇ ಹೇಳುತ್ತದೆ. ನಮ್ಮ ಕಡೆಯ ಪೇಂಟರುಗಳೆಲ್ಲ ಹೀಗೆ ಗೆರೆ ನೋಡಿಯೇ ಕೈ ಆಡಿಸುವುದು. ಅಂದು ನನಗೆ ಯಾರೋ ಗುಟ್ಟಿನ ಬಾಗಿಲು ತೆರೆದುಕೊಟ್ಟಷ್ಟು ಸಂತೋಷವಾಯಿತು.

ಉಸ್ತಾದರಿಂದ ಕಲಿತ ಇನ್ನೊಂದು ಪಾಠ ಸ್ವಲ್ಪ ಬಿಸಿಯಾಗಿಯೇ ಬಂತು. ಲಾರಿ ಕ್ಯಾಬಿನ್ನಿನ ಒಳಗೆ ಕತ್ತಲು ಎಂದು ಉದ್ದ ವೈರಿನ ಬಲ್ಬೊಂದನ್ನು ಎಳೆದುಕೊಂಡು ಹೋಗಿ ಅವರೇ ಬಣ್ಣ ಹೊಡೆಯುತ್ತಿದ್ದರು. ಕಾದ ಬಲ್ಬಿಗೆ ತಣ್ಣನೆಯ ಥಿನ್ನರಿನ ಹನಿ ಸಿಡಿಯಿತು. ಢಬ್ ಎಂದು ಬಲ್ಬು ಒಡೆದು ಬಟ್ಟೆಯ ಚಿಂದಿಗೆ ಬೆಂಕಿ ಹತ್ತಿತು. ನಾವು ಗೋಣಿಚೀಲ ಎಸೆದು ಆರಿಸಿದೆವು. ಉಸ್ತಾದರ ಗಡ್ಡ ಒಂದು ಪಕ್ಕ ಸುಟ್ಟುಹೋಗಿತ್ತು. ಅವರು ಕೆಳಗಿಳಿದು ಗಡ್ಡ ಸವರಿಕೊಂಡು ಹೇಳಿದರು: "ನೋಡ್ಕೊಳ್ರಲೇ. ಥಿನ್ನರೂ ದೀಪಾನೂ ಒಂದ ಕ್ವಾಣ್ಯಾಗ ಸಂಸಾರ ಮಾಡಂಗಿಲ್ಲ. ಬೆಳಕು ಒಳಗ ಬರಲಿ, ದೀಪ ಹೊರಗ ಇರಲಿ." ಮರುದಿನವೇ ಗೋಡೆ ಕೊರೆದು ಗಾಜು ಕೂರಿಸಿ ಟ್ಯೂಬ್‌ಲೈಟುಗಳನ್ನು ಗಾಜಿನ ಆಚೆಗೆ ಹಾಕಿಸಿದರು. ಗಡ್ಡ ಸರಿಯಾಗಿ ಬೆಳೆಯುವ ತನಕ ಅವರನ್ನು ನೋಡಿ ನಗು ತಡೆದುಕೊಳ್ಳುವುದೇ ನಮಗೆ ದೊಡ್ಡ ಕೆಲಸವಾಗಿತ್ತು.

ಉಸ್ತಾದರಿಗೆ ವಯಸ್ಸಾಗಿ ಶೆಡ್ಡು ಮುಚ್ಚಿತು. ಅವರ ಮಕ್ಕಳು ಜೀನ್ಸ್ ಹೊಲಿಯುವ ದಂಧೆಗೆ ಇಳಿದರು. ನಾನು ಹೆಂಡತಿ ಗಿರಿಜೆಯನ್ನು ಕರೆದುಕೊಂಡು ಮಡಕಶಿರಕ್ಕೆ ಬಂದೆ. ಅಲ್ಲಿ ರತ್ನಕ್ಕನವರ ವರ್ಕ್‌ಶಾಪು. ಅವರ ತಂದೆ ಟ್ರೇಲರು ಕಟ್ಟಲು ಶುರು ಮಾಡಿದ್ದು, ಮಗಳು ಅದಕ್ಕೆ ಬಸ್ಸುಗಳ ರಿಪೇರಿಯನ್ನೂ ಸೇರಿಸಿ ದೊಡ್ಡದು ಮಾಡಿದ್ದರು. ಮೊದಲ ದಿನ ನಾನು "ಬರ್ರಿ ಅಕ್ಕಾರ, ಕುಂದರ್ರಿ" ಎಂದದ್ದಕ್ಕೆ ಅಲ್ಲಿಯ ವೆಲ್ಡರುಗಳೆಲ್ಲ ತಿಂಗಳುಗಟ್ಟಲೆ ನನ್ನನ್ನು ಆಡಿಕೊಂಡರು. ನಾನೂ ಅವರ "ಬಾರಣ್ಣೋ, ಓಗಣ್ಣೋ" ಎನ್ನುವುದನ್ನು ಆಡಿಕೊಂಡು ಲೆಕ್ಕ ಚುಕ್ತಾ ಮಾಡಿದೆ. ರತ್ನಕ್ಕ ಖಡಕ್ ಹೆಂಗಸು, ನ್ಯಾಯವಂತೆ. ಟ್ರೇಲರಿನ ತಗಡಿಗೆ ಬೆರಳಿನಿಂದ ತಟ್ಟಿ ಸದ್ದು ಕೇಳಿಯೇ ವೆಲ್ಡಿಂಗ್ ಎಲ್ಲಿ ಬಿಟ್ಟಿದೆ ಎಂದು ಹೇಳುವವರು.

ನನ್ನ ಬೂತ್ ಅಲ್ಲಿ ಚೆನ್ನಾಗಿತ್ತು. ಬೂತ್ ಎಂದರೆ ಬಣ್ಣ ಹೊಡೆಯುವುದಕ್ಕೆಂದೇ ಕಟ್ಟಿದ ಮುಚ್ಚಿದ ಕೋಣೆ. ಹೊರಗಿನ ಧೂಳು ಒಳಗೆ ಬರಬಾರದು, ಒಳಗಿನ ಬಣ್ಣದ ಮಂಜನ್ನು ಫ್ಯಾನು ಹೊರಗೆ ಎಳೆಯಬೇಕು. ಒಂದು ಇಡೀ ಬಸ್ಸು ಒಳಗೆ ಹಿಡಿಸುತ್ತಿತ್ತು. ಗೋಡೆಯ ಉದ್ದಕ್ಕೂ ಗಾಜಿನ ಹಿಂದೆ ಹಳೆಯ ಟ್ಯೂಬ್‌ಲೈಟುಗಳು. ಅವುಗಳ ಬೆಳಕು ಮಂದ, ಚೋಕ್‌ಗಳು ಸದಾ ಗುಂಯ್‌ಗುಡುತ್ತಿದ್ದವು, ಕರೆಂಟು ಕುಡಿಯುವುದರಲ್ಲಿ ಮಾತ್ರ ಬಲು ಚುರುಕು. ಬೆಳಕು ಮಂದ ಎಂದು ನಮಗೆ ಗೊತ್ತಿದ್ದರಿಂದ ಶೇಡು ಬೆರೆಸುವಾಗ ಒಂದು ತಗಡಿನ ತುಂಡಿಗೆ ಬಣ್ಣ ಹಚ್ಚಿ ಬಾಗಿಲಾಚೆ ಹೋಗಿ ಬಿಸಿಲಿಗೆ ಹಿಡಿದು ನೋಡಿಕೊಂಡು ಬರುತ್ತಿದ್ದೆವು.

ಕರೆಂಟ್ ಬಿಲ್ಲು ನೋಡಿ ನೋಡಿ ಬೇಸತ್ತ ರತ್ನಕ್ಕ ಕೊನೆಗೆ ಎಲ್‌ಇಡಿ ಹಾಕಿಸುವ ತೀರ್ಮಾನ ಮಾಡಿದರು. ಹಿಂದೂಪುರದಿಂದ ಬಂದ ಮಾರಾಟಗಾರ ಬುಟ್ಟಿಯಂತಹ ದುಂಡನೆಯ ದೀಪಗಳನ್ನು ತಂದ. ನಮ್ಮ ಎಲೆಕ್ಟ್ರಿಷಿಯನ್ ನರಸಿಂಹುಲು ಅವನ್ನು ಚಾವಣಿಯ ಗಾಜಿನ ಮೇಲೆ ಸಾಲಾಗಿ ಕೂರಿಸಿ, ಗೋಡೆಯ ಟ್ಯೂಬ್‌ಲೈಟುಗಳನ್ನು ಬಿಚ್ಚಿದ. ಸ್ವಿಚ್ಚು ಹಾಕಿದಾಗ, ಅಬ್ಬಾ! ಬೂತಿನಲ್ಲಿ ನಡುಮಧ್ಯಾಹ್ನ ಇಳಿದುಬಂದಂತಾಯಿತು. ವೆಲ್ಡರುಗಳು ಕೆಲಸ ಬಿಟ್ಟು ನೋಡಲು ಬಂದರು. ರತ್ನಕ್ಕ ಎಲ್ಲರಿಗೂ ಟೀ, ಬೋಂಡ ತರಿಸಿದರು. ಮುಂದಿನ ತಿಂಗಳ ಬಿಲ್ಲೂ ಇಳಿಯಿತು. ಎಲ್ಲರೂ ಖುಷಿಯಾಗಿದ್ದೆವು.

ಅಷ್ಟು ಬೆಳಕು ಬಂದದ್ದೇ ನಮ್ಮ ಒಂದು ರೂಢಿಯನ್ನು ಕೆಡಿಸಿತು. ಒಳಗೇ ಹಗಲು ಇರುವಾಗ ಶೇಡು ನೋಡಲು ಹೊರಗೆ ಯಾಕೆ ಹೋಗಬೇಕು? ಬೇಸಿಗೆಯ ಬಿರುಗಾಳಿ ಬೇರೆ, ಬಾಗಿಲು ತೆಗೆದರೆ ಧೂಳು ನುಗ್ಗುತ್ತದೆ. ಯಾರೂ ಹೋಗಬೇಡಿ ಎನ್ನಲಿಲ್ಲ, ಹೋಗುವುದು ತಾನಾಗಿ ನಿಂತಿತು. ಮಂದ ಬೆಳಕನ್ನು ನಾವು ಅನುಮಾನಿಸುತ್ತಿದ್ದೆವು, ಜೋರು ಬೆಳಕನ್ನು ಕಣ್ಣುಮುಚ್ಚಿ ನಂಬಿದೆವು.

ನನಗೆ ಮೊದಲು ತಿಳಿದದ್ದು ಗೆರೆ ಇಲ್ಲ ಎಂಬುದು. ದುಂಡು ದೀಪ ಹಸಿ ಬಣ್ಣದಲ್ಲಿ ಗೆರೆ ಎಳೆಯುವುದಿಲ್ಲ, ಚುಕ್ಕಿ ಇಡುತ್ತದೆ. ಬಸ್ಸಿನ ಚಾವಣಿ ಮೇಲೆ ಫಳಫಳ ಚುಕ್ಕಿಗಳು, ಕಿಟಕಿಯ ಕೆಳಗಿನ ಪಕ್ಕದ ತಗಡಿನಲ್ಲಿ ಅದೂ ಇಲ್ಲ, ಬರೀ ನೆರಳು. ಬಣ್ಣ ಎಲ್ಲಿ ಕೂತಿದೆ, ಎಲ್ಲಿ ಒಣಗಿದೆ ಎಂದು ಹೇಳುವವರೇ ಇಲ್ಲ. ಒಂದು ಟ್ರೇಲರಿನಲ್ಲಿ ಬಣ್ಣ ಇಳಿಯಿತು, ತಿಕ್ಕಿ ಮತ್ತೆ ಹೊಡೆದೆ. ಇನ್ನೊಂದರಲ್ಲಿ ಒರಟಾಯಿತು. ನಾನು ಗನ್ನನ್ನು ಬೈದೆ, ಥಿನ್ನರನ್ನು ಬೈದೆ, ಕೊನೆಗೆ ಗಾಳಿ ಕೊಡುವ ಕಂಪ್ರೆಸರನ್ನೂ ಬೈದೆ.

ಆಮೇಲೆ ಬಂತು ಶಾಲೆಯ ಹಳದಿ ಬಸ್ಸು. ಅದರ ಒಂದು ಬಾಗಿಲು ಡಿಕ್ಕಿಯಲ್ಲಿ ಹೋಗಿ ಹೊಸದು ಕೂರಿಸಿದ್ದರು. ಹಳೆಯ ಹಳದಿಗೆ ಹೊಸ ಬಾಗಿಲಿನ ಹಳದಿ ಹೊಂದಬೇಕು. ಬೂತಿನಲ್ಲಿ ಶೇಡು ಬೆರೆಸಿದೆ, ಹಿಡಿದು ನೋಡಿದೆ, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಹೊಡೆದು, ಒಣಗಿಸಿ, ಬಸ್ಸನ್ನು ಹೆಮ್ಮೆಯಿಂದ ಹೊರಗೆ ತಂದರೆ ಬಿಸಿಲಿನಲ್ಲಿ ಬಾಗಿಲು ಮಾತ್ರ ಮಾಗದ ನಿಂಬೆಹಣ್ಣಿನ ಬಣ್ಣ! ಡ್ರೈವರು ಬಾಯಿ ತೆರೆದುಕೊಂಡು ನಿಂತ. ನಾನು ಅಲ್ಲೇ ನೆಲಕ್ಕೆ ಇಳಿದುಹೋದೆ.

ಸಂಜೆ ರತ್ನಕ್ಕ ಆಫೀಸಿಗೆ ಕರೆದು, ಬಾಗಿಲು ಮುಂದೆ ಮಾಡಿ ಮಾತಾಡಿದರು.

"ಬಸಣ್ಣ, ಬೇಜಾರು ಮಾಡ್ಕಬ್ಯಾಡ. ವಯಸ್ಸು ಯಾರ್ನೂ ಬಿಡಲ್ಲ. ಒಂದ್ಸಲ ಕಣ್ಣು ತೋರಿಸ್ಕಂಡು ಬಾ. ಇಸ್ಕೂಲು ತೆಗೆಯೋದ್ರೊಳ್ಗೆ ಇನ್ನೂ ಬಸ್ಸುಗಳು ಬರ್ತಾವೆ. ಅವ್ಕೆ ಹಿಂದೂಪುರದಿಂದ ಪೇಂಟರ್ ಸೀನನ್ನ ಕರ್ಸ್ತೀನಿ. ನೀನು ಪುಟ್ಟಿ ಕೆಲ್ಸ ನೋಡ್ಕಂಡಿರು."

"ಅಕ್ಕಾ, ನನ್ನ ಕಣ್ಣು ಚಲೋ ಅದಾವ್ರಿ."

"ಬಸ್ಸು ಹಂಗನ್ನಲ್ವಲ್ಲಣ್ಣ."

ಬಸ್ಸು ಹೊರಗೆ ನಿಂತು ಸಾಕ್ಷಿ ಹೇಳುತ್ತಿತ್ತು. ಗನ್ನು ನನ್ನ ಕೈಯಿಂದ ಹೋಗುವುದು ಎಂದಾದರೂ ಇದ್ದದ್ದೇ, ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಾನಾಗಿ ಕೆಳಗಿಡುವುದು ಬೇರೆ, ಕುರುಡ ಎಂದು ಬೇರೆಯವರು ಕಿತ್ತುಕೊಳ್ಳುವುದು ಬೇರೆ. ಅವತ್ತು ಮನೆಗೆ ನಡೆದುಬರುವಾಗ ನನಗೆ ಅಳುವೇ ಬಂತು. ಊರ ಪಕ್ಕದ ಬೆಟ್ಟದ ಕೋಟೆಯ ಕಡೆ ನೋಡಿದೆ. ಒಂದೊಂದು ಬುರುಜೂ ಕಲ್ಲುಕಲ್ಲಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ಕಾಣುವವನಿಗೆ ಬಾಗಿಲಿನ ಹಳದಿ ಕಾಣಲಿಲ್ಲವೇ ಎಂದು ನನ್ನ ಮೇಲೇ ನನಗೆ ಅನುಮಾನ ಹುಟ್ಟಿತು.

ಹಿಂದೂಪುರದಲ್ಲಿ ಕಣ್ಣಿನ ಡಾಕ್ಟರು ಅಕ್ಷರ ಓದಿಸಿದರು, ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿಗಳನ್ನು ಹುಡುಕಿಸಿದರು. ಓದುವುದಕ್ಕೆ ಕನ್ನಡಕ ಬೇಕು, ಮಿಕ್ಕಂತೆ ದೂರದ ನೋಟಕ್ಕೂ ಬಣ್ಣಕ್ಕೂ ಏನೂ ಆಗಿಲ್ಲ ಎಂದರು. ನಾನು ಕುಣಿಯುತ್ತಲೇ ಬಂದು ರತ್ನಕ್ಕನಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಒಳ್ಳೇದಾಯ್ತು ಬಿಡಣ್ಣ. ಮತ್ತೆ ಬಾಗ್ಲು ಯಾಕೆ ಅಂಗಾಯ್ತು?" ಎಂದರು.

ಉತ್ತರ ಸಿಕ್ಕಿದ್ದು ರಾಯದುರ್ಗದ ಸೀರೆ ಅಂಗಡಿಯಲ್ಲಿ! ಅಲ್ಲಿಗೆ ಹತ್ತಿರದ ಡಿ. ಹಿರೇಹಾಳಿನಲ್ಲಿ ಗಿರಿಜೆಯ ಅಣ್ಣನ ಮಗಳ ಮದುವೆ. ಉಡುಗೊರೆಯ ಸೀರೆ ಕೊಳ್ಳಲು ಹೋಗಿದ್ದೆವು. ನಾನು ಮೂಲೆಯ ಕುರ್ಚಿಯಲ್ಲಿ ಮುಖ ಗಂಟಿಕ್ಕಿ ಕೂತಿದ್ದೆ. ಗಿರಿಜೆ ತನಗೂ ಒಂದು ನೇರಳೆ ಸೀರೆ ಆರಿಸಿ, ಅದಕ್ಕೆ ಹೊಂದುವ ರವಿಕೆ ಬಟ್ಟೆ ಕೇಳಿದಳು. ಅಂಗಡಿಯವನು ಎರಡನ್ನೂ ಪಕ್ಕಪಕ್ಕ ಹಾಸಿ, "ನೋಡ್ರಿ ಅಮ್ಮಾ, ಒಂದ ಥಾನಿಂದು ಇದ್ದಂಗ ಐತಿ" ಎಂದ. ನಿಜಕ್ಕೂ ಹಾಗೆಯೇ ಇತ್ತು. ಗಿರಿಜೆ ಎರಡನ್ನೂ ಎತ್ತಿಕೊಂಡು ಹೊಸ್ತಿಲು ದಾಟಿ ಬೀದಿಗೆ ಹೋದಳು. ಹೆಂಗಸರೆಲ್ಲ ಮಾಡುವಂತೆಯೇ ಬಿಸಿಲಿಗೆ ಹಿಡಿದಳು. ಅಲ್ಲಿ ಸೀರೆ ನೇರಳೆ, ರವಿಕೆ ಬಟ್ಟೆ ಕೆಂಪು ಕೆಂಪು!

ನಾನು ಕುರ್ಚಿಯಿಂದ ಹಾರಿ ಎದ್ದೆ. "ಗಿರಿಜಾ, ಒಳಗ ಬಾ! ಇಲ್ಲಿ ಹಿಡಿ! ಈಗ ಹೊರಗ ಹೋಗು! ಮತ್ತ ಒಳಗ ಬಾ!"

ಅಂಗಡಿಯಲ್ಲಿದ್ದವರೆಲ್ಲ ನನಗೆ ಹುಚ್ಚು ಹಿಡಿದಿದೆ ಎಂದುಕೊಂಡರು. ಗಿರಿಜೆ ಕಣ್ಣು ಬಿಟ್ಟಳು. "ಏನಾತ್ರಿ ನಿಮಗ? ಮಂದಿ ನೋಡಾಕ ಹತ್ಯಾರ."

"ನನ್ನ ಕಣ್ಣು ಕೆಟ್ಟಿಲ್ಲ ನೋಡ! ದೀಪ ಸುಳ್ಳು ಹೇಳೈತಿ! ನಮ್ಮ ಬೂತಿನ ದೀಪ!"

ನಾನು ಬಸ್ಸಿನ ಬಾಗಿಲಿನ ಕತೆಯನ್ನು ಮತ್ತೆ ಹೇಳಿದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿ, "ಇದು ತಿಳಿಯಾಕ ನಿಮಗ ಇಷ್ಟು ವರ್ಷ ಬೇಕಾತೇನ್ರಿ? ಅಂಗಡಿ ದೀಪ ಹಂಗ ಇರ್ತಾವ ಅಂತನ ನಾವು ಹೊಸ್ತಿಲಿಗೆ ಬರೋದು. ಸೀರಿಗೆ ಹೊಸ್ತಿಲು ಐತಿ. ನಿಮ್ಮ ಬಸ್ಸಿಗೆ ಎಲ್ಲೈತಿ?" ಎಂದಳು.

ಎಂಥ ಮಾತು ನೋಡಿ! ಹಸಿ ಬಣ್ಣದ ಬಸ್ಸನ್ನು ಹೊಸ್ತಿಲಿಗೆ ಎತ್ತಿಕೊಂಡು ಹೋಗಲು ಆಗುವುದಿಲ್ಲ. ತಗಡಿನ ತುಂಡನ್ನು ಹೊರಗೆ ಒಯ್ಯಬಹುದು, ಆದರೆ ಹೊಸ ಬಣ್ಣ ಹಳೆಯ ಬಣ್ಣಕ್ಕೆ ಸೇರುವ ಅಂಚನ್ನು ಅಲ್ಲೇ, ಹೊಡೆಯುತ್ತಿರುವಾಗಲೇ ನೋಡಬೇಕು. ಅಂದರೆ ಹೊಸ್ತಿಲಿನ ಬೆಳಕೇ ಬೂತಿನೊಳಗೆ ಬರಬೇಕು. ನಾನು ಆ ಹೊಂದದ ರವಿಕೆ ಬಟ್ಟೆಯನ್ನೂ ಕೊಂಡೆ. ಅಂಗಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ.

ಮಡಕಶಿರಕ್ಕೆ ಬರುವಷ್ಟರಲ್ಲಿ ಸೀನ ಬಂದಾಗಿತ್ತು. ನನಗಿಂತ ಬಹಳ ಚಿಕ್ಕವನು, ಕೈ ಒಳ್ಳೆಯದು, ಹಿಂದೂಪುರದಲ್ಲಿ ಹೆಸರು ಮಾಡಿದವನು. ನನ್ನ ಗನ್ನು ಅವನ ಕೈಯಲ್ಲಿತ್ತು, ನಾನು ಪುಟ್ಟಿ ಹಚ್ಚುತ್ತಿದ್ದೆ. ರತ್ನಕ್ಕ ಅದೇ ಹಳದಿ ಬಾಗಿಲನ್ನು ತಿಕ್ಕಿಸಿ ಅವನಿಗೆ ಕೊಟ್ಟರು. ಅವನೂ ಬೂತಿನಲ್ಲಿ ಶೇಡು ಬೆರೆಸಿದ, ಹಿಡಿದು ನೋಡಿದ, ತಲೆ ಆಡಿಸಿದ, ಹೊಡೆದ. ಬಸ್ಸು ಹೊರಗೆ ಬಂತು. ಬಿಸಿಲಿನಲ್ಲಿ ಮತ್ತದೇ ನಿಂಬೆಹಣ್ಣು!

ಸೀನ ಬಾಗಿಲನ್ನೂ ನನ್ನನ್ನೂ ನೋಡಿದ. "ಅಯ್ಯಯ್ಯೋ, ನನ್ ಕಣ್ಣೂ ಕೆಟ್ಟೋಯ್ತೇನಣ್ಣ?"

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವನೂ ನಕ್ಕ. ರತ್ನಕ್ಕ ನಗಲಿಲ್ಲ. ನಾನು ಚೀಲದಿಂದ ಸೀರೆ, ರವಿಕೆ ಬಟ್ಟೆ ತೆಗೆದು ಬೂತಿನೊಳಗೆ ಹಿಡಿದೆ, ಒಂದೇ ಬಣ್ಣ. ಹೊರಗೆ ತಂದು ಹಿಡಿದೆ, ಬೇರೆ ಬೇರೆ. ರತ್ನಕ್ಕ ಎರಡು ಸಲ ಒಳಗೆ ಹೊರಗೆ ಓಡಾಡಿ ತಾವೇ ಹಿಡಿದು ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು, "ನಾನು ದುಡುಕ್ಬಿಟ್ಟೆ ಕಣಣ್ಣ" ಎಂದರು. ಮರುಕ್ಷಣವೇ ಖಡಕ್ಕಾಗಿ, "ಸರಿ, ಇಂಥದೇ ದೀಪ ಬೇಕು ಅಂತ ನೀನೇ ಆರ್ಸು. ಆದ್ರೆ ಬಿಲ್ಲು ಏರ್ಬಾರ್ದು. ಇಸ್ಕೂಲು ಬಸ್ಸುಗಳು ಬರೋದ್ರೊಳ್ಗೆ ಆಗ್ಬೇಕು. ಆಗ್ಲಿಲ್ಲಾಂದ್ರೆ ಆ ಕೆಲ್ಸ ಹಿಂದೂಪುರಕ್ಕೆ ಕೊಟ್ಬಿಡ್ತೀನಿ" ಎಂದು ಸೇರಿಸಿದರು. ಗನ್ನು ನನ್ನ ಕೈಗೆ ಬರುತ್ತದೋ ಇಲ್ಲವೋ ಈಗ ದೀಪದ ಮೇಲೆ ನಿಂತಿತು.

ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಹುರುಪಿನ ದಿನಗಳು ಮತ್ತೆ ಬಂದಿಲ್ಲ! ನರಸಿಂಹುಲು ಊರೂರು ಸುತ್ತಿ ಬೇರೆ ಬೇರೆ ಬಗೆಯ ಉದ್ದನೆಯ ಎಲ್‌ಇಡಿ ಟ್ಯೂಬುಗಳನ್ನು ಒಂದೊಂದು ತಂದ. ಅವನೇ ಹೇಳಿಕೊಟ್ಟದ್ದು, ಡಬ್ಬದ ಮೇಲೆ ವ್ಯಾಟ್ ಒಂದನ್ನೇ ನೋಡಿದರೆ ಸಾಲದು. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವುದಕ್ಕೆ ಸಿಆರ್‌ಐ ಎಂದು ಇನ್ನೊಂದು ಅಂಕಿ ಇರುತ್ತದೆ, ಅದು ನೂರಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ನಮ್ಮ ದುಂಡು ದೀಪದ ಡಬ್ಬ ಹುಡುಕಿ ನೋಡಿದರೆ ಅದರಲ್ಲಿ ಆ ಅಂಕಿಯೇ ಇರಲಿಲ್ಲ. "ಚೂಡಣ್ಣ, ನೋಡು, ಅಂಕಿ ಬರೆಯೋಕೆ ಅವ್ನಿಗೇ ನಾಚ್ಕೆ" ಎಂದ ನರಸಿಂಹುಲು. ಅವನ ಮಾತು ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ತಮಾಷೆ.

ಅಂಕಿ ಎಷ್ಟೇ ಇರಲಿ, ನಾನು ನಂಬಿದ್ದು ಗಿರಿಜೆಯ ಪರೀಕ್ಷೆಯನ್ನು. ಬೂತಿನ ಬಾಗಿಲು ಮುಚ್ಚಿ, ಒಂದೊಂದೇ ಟ್ಯೂಬು ಹತ್ತಿಸಿ, ಅದರ ಕೆಳಗೆ ಸೀರೆ ಮತ್ತು ರವಿಕೆ ಬಟ್ಟೆ ಹಿಡಿಯುವುದು. ಪಕ್ಕದಲ್ಲಿ ಬಸ್ಸಿನ ಹಳೆಯ ಹಳದಿ ಇರುವ ಡೀಸೆಲ್ ಟ್ಯಾಂಕಿನ ಮುಚ್ಚಳ ಮತ್ತು ನಾನು ತಪ್ಪಾಗಿ ಬೆರೆಸಿದ ಹಳದಿಯ ತಗಡು. ಮೊದಲ ಟ್ಯೂಬಿನಲ್ಲಿ ಎಲ್ಲವೂ ಚಂದ ಹೊಂದಿಕೊಂಡವು. "ಬೇಡ, ತೆಗಿ!" ಎಂದೆ. ಎರಡನೆಯದರಲ್ಲಿ ಅರ್ಧಂಬರ್ಧ. ಅದನ್ನೂ ತೆಗೆಸಿದೆ. ಮತ್ತೊಂದು ಹತ್ತಿಸಿದ ತಕ್ಷಣ ರವಿಕೆ ಬಟ್ಟೆ ಕೆಂಪಗೆ ಹೊರಬಿತ್ತು, ನನ್ನ ಹಳದಿ ಹಸಿರಿಗೆ ತಿರುಗಿತು. ನಾನೂ ಸೀನನೂ ಒಟ್ಟಿಗೆ ಕೂಗಿದೆವು. ಹೊರಗಿದ್ದ ವೆಲ್ಡರುಗಳು ಯಾರಿಗೋ ಶಾಕ್ ಹೊಡೆಯಿತು ಎಂದು ಓಡಿಬಂದರು. ನೋಡಿ, ಇದನ್ನು ಗಟ್ಟಿಯಾಗಿ ನೆನಪಿಡಿ. ಕೆಲಸವನ್ನು ಚಂದ ಕಾಣಿಸುವ ದೀಪ ಪೇಂಟರಿಗೆ ಬೇಡ. ಅವನ ತಪ್ಪನ್ನು ಅವನ ಮುಖಕ್ಕೇ ತೋರಿಸುವ ದೀಪ ಬೇಕು.

ರತ್ನಕ್ಕ ಬಂದು ನೋಡಿ, "ಇದು ಆ ದುಂಡು ದೀಪಕ್ಕಿಂತ ಮಬ್ಬು ಐತಲ್ಲಣ್ಣ" ಎಂದರು. ಅದಕ್ಕೂ ನಮ್ಮಲ್ಲಿ ಉಪಾಯವಿತ್ತು. ಬೆಳಕೆಲ್ಲ ಚಾವಣಿಯಿಂದ ಬಂದು ಬಸ್ಸಿನ ತಲೆ ಮೇಲೆ ಬಿದ್ದು ವ್ಯರ್ಥವಾಗುತ್ತಿತ್ತು. ನಾವು ಬಣ್ಣ ಹೊಡೆಯುವುದು ಪಕ್ಕಕ್ಕೆ. ಆದ್ದರಿಂದ ಗೋಡೆಯ ಹಳೆಯ ಗಾಜುಗಳ ಹಿಂದೆ, ಉಸ್ತಾದರು ಹೇಳಿದಂತೆ ದೀಪ ಹೊರಗೆ ಬೆಳಕು ಒಳಗೆ, ಟ್ಯೂಬುಗಳನ್ನು ಕೂರಿಸಿದೆವು. ಗಾಜಿನ ಅಂಚಿನಲ್ಲಿ ಥಿನ್ನರಿನ ಆವಿ ನುಸುಳದಂತೆ ಬಿಗಿಯಾಗಿ ಮುಚ್ಚಿದೆವು. ಬೂದು ಬಣ್ಣದ ಗೋಡೆಗೆ ಬಿಳಿ ಬಳಿದೆವು. ಕರೆಂಟು ಬೇಡದ ಬೆಳಕು ಅದು, ಗೋಡೆ ಪುಕ್ಕಟೆ ಕೊಡುತ್ತದೆ. ಗಾಜಿನ ಮೇಲೆ ಕೂತ ಬಣ್ಣದ ಧೂಳನ್ನು ಒರೆಸಿದರೆ ಇನ್ನಷ್ಟು. ನರಸಿಂಹುಲು ಒಂದೊಂದು ಗೋಡೆಗೂ ಬೇರೆ ಬೇರೆ ಸ್ವಿಚ್ಚು ಹಾಕಿದ. ನಾನು ಎಡಗಡೆ ಹೊಡೆಯುವಾಗ ಬಲಗಡೆಯ ದೀಪ ಯಾರಿಗೆ ಉರಿಯಬೇಕು? ಆ ದುಂಡು ದೀಪಗಳನ್ನು ವೆಲ್ಡಿಂಗ್ ಶೆಡ್ಡಿಗೂ ಅಂಗಳಕ್ಕೂ ಹಾಕಿದೆವು. ಅಲ್ಲಿ ಅವು ಬಲು ಚೆನ್ನಾಗಿ ಕೆಲಸ ಮಾಡಿದವು, ಪಾಪ, ಅವುಗಳ ತಪ್ಪೇನೂ ಇಲ್ಲ.

ಮೊದಲ ಬಸ್ಸು ಅದೇ ಹಳದಿಯದು. ಮೂರನೆಯ ಸಲ ಬಾಗಿಲು ತಿಕ್ಕಿ, ಶೇಡು ಬೆರೆಸಿದೆ. ಈ ಸಲ ದೀಪದ ಕೆಳಗೆ ತಪ್ಪು ನಿಚ್ಚಳವಾಗಿ ಕಂಡಿತು. ಒಂದು ಹನಿ ಕೆಂಪು, ಮತ್ತೊಂದು ಹನಿ, ಆಹಾ, ಕೂತಿತು. ಗನ್ನು ಎತ್ತಿ ಮೊದಲ ಸಲ ಕೈ ಆಡಿಸಿದೆ. ನನ್ನ ಗನ್ನಿನ ಹಿಂದೆ ಹಸಿ ಬಣ್ಣದಲ್ಲಿ ಉದ್ದನೆಯ ಬಿಳಿ ಗೆರೆ ಬೆಳೆಯುತ್ತ ಬಂತು! ಕಳೆದುಹೋದ ಗೆಳೆಯ ದಾರಿಯಲ್ಲಿ ಎದುರಾದಷ್ಟು ಸಂತೋಷವಾಯಿತು. ಮುಖಕ್ಕೆ ಮಾಸ್ಕ್ ಇತ್ತು, ಇಲ್ಲದಿದ್ದರೆ ನಾನು ಹಲ್ಲು ಬಿಟ್ಟು ನಗುತ್ತಿದ್ದುದನ್ನು ಎಲ್ಲರೂ ನೋಡುತ್ತಿದ್ದರು.

ಬಸ್ಸು ಬಿಸಿಲಿಗೆ ಬಂತು. ರತ್ನಕ್ಕ ಬಸ್ಸಿನ ಸುತ್ತ ಒಂದು ಸುತ್ತು ಹೋದರು. ಮತ್ತೊಂದು ಸುತ್ತು ಹೋದರು. ಹಣೆಗೆ ಕೈ ಅಡ್ಡ ಹಿಡಿದು, ದೂರ ನಿಂತು, ಹತ್ತಿರ ಬಂದು ನೋಡಿದರು. ಕೊನೆಗೆ ಕೇಳಿದರು: "ಬಸಣ್ಣ, ಹೊಸಾ ಬಾಗ್ಲು ಯಾವ್ದು?"

ಅಷ್ಟೇ ಸಾಕಾಗಿತ್ತು. ನರಸಿಂಹುಲು ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಆ ವರ್ಷದ ಶಾಲೆ ಬಸ್ಸುಗಳನ್ನೆಲ್ಲ ನಾನೇ ಹೊಡೆದೆ. ಸೀನ ಹಿಂದೂಪುರಕ್ಕೆ ಹೋಗಲಿಲ್ಲ, ನನ್ನ ಜೊತೆಯಲ್ಲೇ ಉಳಿದ. ಮುಂದಿನ ಬಿಲ್ಲು ಬಂದಾಗ ರತ್ನಕ್ಕ ಅದನ್ನು ನನ್ನ ಮುಖದ ಮುಂದೆ ಬೀಸಣಿಗೆಯಂತೆ ಆಡಿಸಿ, "ಏರ್ಲಿಲ್ಲ ಕಣಣ್ಣ!" ಎಂದು ನಕ್ಕರು. ಗಿರಿಜೆಗೆ ಆ ನೇರಳೆ ಸೀರೆಗೆ ಹೊಂದುವ ರವಿಕೆ ಬಟ್ಟೆಯನ್ನು ನಾನೇ ಹೊಸ್ತಿಲಿಗೆ ಹೋಗಿ ನೋಡಿ ತಂದುಕೊಟ್ಟೆ.

ಇನ್ನು ಒಂದೇ ಒಂದು ಸಂಗತಿ ಉಳಿದಿದೆ. ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಬಸ್ಸಿನ ಪಕ್ಕಕ್ಕೆ ಬಣ್ಣ ಹೊಡೆಯುತ್ತಿದ್ದೆ. ಗೆರೆ ಸ್ವಲ್ಪ ಅಲುಗುತ್ತಿತ್ತು. ಗಾಜು ಕೊಳೆಯಾಗಿರಬೇಕು ಎಂದು ಒರೆಸಿದೆ. ಮತ್ತೆ ಅಲುಗಿತು. ನರಸಿಂಹುಲುವನ್ನು ಕರೆದೆ. ಅವನು ಟ್ಯೂಬು ನೋಡಿ, "ಬಾಗುಂದಣ್ಣ, ಚೆನ್ನಾಗೈತೆ, ಏನೂ ಆಗಿಲ್ಲ" ಎಂದ. ಸೀನನ ಕೈಗೆ ಗನ್ನು ಕೊಟ್ಟು ಅದೇ ಜಾಗದಲ್ಲಿ ಹೊಡೆಯಲು ಹೇಳಿದೆ. ಅವನ ಗೆರೆ ನೇರವಾಗಿತ್ತು. ನಾನು ಮತ್ತೆ ಗನ್ನು ತೆಗೆದುಕೊಂಡು ಹೊಡೆದೆ. ಅಲುಗಿತು. ದೀಪವೂ ಸರಿ, ಗಾಜೂ ಸರಿ, ಕಣ್ಣೂ ಸರಿ. ನನ್ನ ಕೈ ನಡುಗುತ್ತಿತ್ತು.

ಆ ಬಸ್ಸನ್ನು ಮುಗಿಸಿ ಬಿಸಿಲಿಗೆ ತಂದಾಗ ಯಾರಿಗೂ ಏನೂ ಕಾಣಲಿಲ್ಲ. ರತ್ನಕ್ಕನೂ ಮೆಚ್ಚಿ ತಲೆ ಆಡಿಸಿದರು. ಸುಮ್ಮನಿದ್ದರೆ ಇನ್ನೂ ಒಂದಷ್ಟು ಕಾಲ ನಡೆಯುತ್ತಿತ್ತು. ಆದರೆ ತಪ್ಪನ್ನು ಮುಖಕ್ಕೇ ತೋರಿಸುವ ದೀಪ ಬೇಕು ಎಂದು ಹಟ ಹಿಡಿದು ತಂದವನು ನಾನೇ ಅಲ್ಲವೇ? ಗನ್ನನ್ನು ಥಿನ್ನರಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ, ಸೀನನ ಕೈಗೆ ಕೊಟ್ಟೆ. ಸಾಕು, ನಾಳೆಯಿಂದ ಬರುವುದಿಲ್ಲ ಎಂದೆ.

"ಯಾಕಣ್ಣ? ಬಸ್ಸು ಚೆಂದಾಗೈತಲ್ಲ?" ಎಂದರು ರತ್ನಕ್ಕ ಗಾಬರಿಯಿಂದ.

"ಚಲೋ ಐತ್ರಿ ಅಕ್ಕ. ಅದಕ್ಕ ಇವತ್ತ ಗನ್ನು ಕೆಳಗ ಇಡಾಕ ಹತ್ತೀನಿ."

ದುಃಖವಾಗಲಿಲ್ಲವೇ ಎಂದು ಕೇಳಬೇಡಿ. ಆಯಿತು. ಆದರೆ ಅದಕ್ಕಿಂತ ದೊಡ್ಡ ಖುಷಿಯೂ ಇತ್ತು, ನನ್ನ ಗನ್ನನ್ನು ನಾನೇ ಕೆಳಗಿಟ್ಟೆ. ಮನೆಗೆ ಹೋಗುವ ಮುಂಚೆ ಬೂತಿನ ಗಾಜಿನ ಆಚೆ, ದೀಪಗಳ ಪಕ್ಕದಲ್ಲಿ ನಿಂತು ಒಳಗೆ ನೋಡಿದೆ. ಸೀನ ಒಂದು ಟ್ರೇಲರಿನ ಪಕ್ಕಕ್ಕೆ ಕಡುನೀಲಿ ಹೊಡೆಯುತ್ತಿದ್ದ. ಅವನ ಗನ್ನಿನ ಹಿಂದೆ ಬಿಳಿ ಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದು ಕಡೆಯೂ ಬಳುಕದೆ ಹೋಯಿತು. ನಾನು ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಒಂದು ಶಿಳ್ಳೆ ಹಾಕಿದೆ.